ಅಜ್ಜನ ಮಳೆ ಪುಸ್ತಕ ಸಿಕ್ಕಿತು. 80ರ ದಶಕದ ಕೊಡಗಿನ ಮಳೆಗಾಲ ನಿಮಗೆ ಹೇಗೆ ನೆನಪಿದೆ?

ಚೇರಂಬಾಣೆಯವ
ಎಲ್ಲರಿಗೂ ನಮಸ್ಕಾರ. ಹೋದ ವಾರ ಊರಿಗೆ ಹೋಗಿದ್ದೆ. ಅಟ್ಟದಲ್ಲಿ ಏಲಕ್ಕಿ ತುಂಬಿಡುತ್ತಿದ್ದ ಹಳೇ ಮರದ ಪೆಟ್ಟಿಗೆ ಇದೆ. ಅದರ ತಳದಲ್ಲಿ ಅಜ್ಜನ ಮಳೆ ಪುಸ್ತಕ ಸಿಕ್ಕಿತು. ಮೂರು ಉದ್ದನೆಯ ಲೆಕ್ಕದ ಪುಸ್ತಕ. 1979ರಿಂದ 1991ರ ತನಕ, ದಿನಕ್ಕೊಂದು ಸಾಲು.

ಕಾಫಿ ತೋಟ ಇರುವವರ ಮನೆಯಲ್ಲಿ ಇದು ಹೊಸದಲ್ಲ, ಗೊತ್ತು. ಆದರೂ ಅದನ್ನು ತೆರೆದಾಗ ನನಗೆ ಗಂಟಲು ಕಟ್ಟಿತು. ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬಿ ಇತ್ತು. ಬೆಳಗ್ಗೆ ಎಂಟಕ್ಕೆ ಅಜ್ಜ ಕೊಡೆ ಹಿಡಿದು ಹೋಗುತ್ತಿದ್ದರು. ಮೇಲಿನ ಆಲಿಕೆ ತೆಗೆದು, ಒಳಗಿನ ನೀರನ್ನು ಗೆರೆ ಎಳೆದ ಗಾಜಿಗೆ ಸುರಿದು, ಕಣ್ಣಿನ ನೇರಕ್ಕೆ ಎತ್ತಿ ನೋಡುತ್ತಿದ್ದರು. ನಾನು ಕಂಬಳಿ ಹೊದ್ದು ಪಕ್ಕದಲ್ಲಿ ನಿಂತು "ಎಷ್ಟು ಸೆಂಟು ಅಜ್ಜ?" ಅಂತ ಕೇಳುತ್ತಿದ್ದೆ. ನಮ್ಮಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. ಒಳಗೆ ಬಂದು ಕೈ ಒರೆಸಿಕೊಂಡು ಇಂಕು ಪೆನ್ನಿನಲ್ಲಿ ಬರೆಯುತ್ತಿದ್ದರು. ಕೆಲವು ಪುಟಗಳಲ್ಲಿ ಹನಿ ಬಿದ್ದು ನೀಲಿ ಹರಡಿಕೊಂಡಿದೆ. ಅಂಕಿಯ ಪಕ್ಕ ಒಂದೊಂದು ಮಾತು: "ನಾಟಿ ಶುರು." "ಕರೆಂಟ್ ಇಲ್ಲ, 9ನೇ ದಿನ." "ಕೆಂಪಿ ಕರು ಹಾಕಿತು."

ಮಗಳಿಗೆ ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಜುಲೈನಲ್ಲಿ ಒಂದು ದಿನವೂ ಖಾಲಿ ಇಲ್ವಲ್ಲ ಅಪ್ಪ, ಅಷ್ಟು ದಿನ ಒಳಗೆ ಕೂತು ಏನು ಮಾಡ್ತಿದ್ರಿ?" ಒಳಗೆ ಎಲ್ಲಿ ಕೂತಿದ್ದೆವು ನಾವು!

ನಿಮ್ಮನ್ನೆಲ್ಲ ಕೇಳಬೇಕು ಅನ್ನಿಸಿತು. ಆಗ ನಿಜವಾಗಿಯೂ ಮಳೆ ಜಾಸ್ತಿ ಇತ್ತಾ? ಅಥವಾ ನಾವು ಚಿಕ್ಕವರಿದ್ದದ್ದಕ್ಕೆ ದೊಡ್ಡದಾಗಿ ಕಂಡಿತಾ? ನಿಮಗೆ ಏನು ನೆನಪಿದೆ, ಬರೆಯಿರಿ.

ಸುಂಟಿಕೊಪ್ಪದ ಅಕ್ಕ
ಹೊಗೆ ವಾಸನೆ. ನನಗೆ ಮೊದಲು ನೆನಪಾಗುವುದು ಅದೇ.

ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಇಲ್ಲ. ಬಟ್ಟೆ ಒಣಗುವುದು ಎಲ್ಲಿ? ಬಚ್ಚಲ ಒಲೆಯ ಮೇಲೆ ಅಪ್ಪ ಬಿದಿರಿನ ತಟ್ಟಿ ಕಟ್ಟಿದ್ದರು. ಅಮ್ಮ ಯೂನಿಫಾರಂ ಅದರ ಮೇಲೆ ಹರಡಿ, ಕಾಫಿ ಕಟ್ಟಿಗೆ ಹಾಕಿ ಸಣ್ಣ ಉರಿ ಮಾಡುತ್ತಿದ್ದರು. ರಾತ್ರಿ ಎರಡು ಸಲ ಎದ್ದು ಮಗುಚಿ ಹಾಕುತ್ತಿದ್ದರು. ಬೆಳಗ್ಗೆ ಹಾಕಿಕೊಂಡರೆ ಬೆನ್ನಿಗೆ ಬೆಚ್ಚಗೆ, ಆದರೆ ಹೊಲಿಗೆ ಇರುವ ಕಡೆ ಇನ್ನೂ ಹಸಿ. ಬಿಳಿ ಅಂಗಿ ಆಗಸ್ಟ್ ಬರುವಷ್ಟರಲ್ಲಿ ತಿಳಿ ಕಾಫಿ ಬಣ್ಣಕ್ಕೆ ತಿರುಗಿರುತ್ತಿತ್ತು. ಇಡೀ ಕ್ಲಾಸೇ ಹೊಗೆ ವಾಸನೆ ಬರುತ್ತಿದ್ದ ಕಾರಣ ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಈಗ ಬೆಂಗಳೂರಿನಲ್ಲಿ ಎಲ್ಲಾದರೂ ಕಟ್ಟಿಗೆ ಹೊಗೆ ಮೂಗಿಗೆ ಬಂದರೆ ಅಮ್ಮ ರಾತ್ರಿ ಎದ್ದು ಓಡಾಡುವ ಸದ್ದು ಕೇಳಿದ ಹಾಗಾಗುತ್ತದೆ.

ಗಾಳಿಬೀಡಿನಿಂದ
ನಮ್ಮ ರೈನ್‌ಕೋಟ್ ಅಂದರೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್. ಒಂದು ಮೂಲೆಯನ್ನು ಇನ್ನೊಂದು ಮೂಲೆಗೆ ತೂರಿಸಿದರೆ ತಲೆಗೆ ಟೋಪಿ ಆಗುತ್ತಿತ್ತು. ಗದ್ದೆಗೆ ಹೋಗುವವರು ಬಿದಿರು, ಎಲೆಯಿಂದ ಹೆಣೆದ ಗೊರಬು ಹಾಕುತ್ತಿದ್ದರು.

ಕುಟ್ಟದ ದಾರಿ
ಗೊರಬು ಅಲ್ಲ ಮಾರಾಯರೇ, ಗೊರಗ. ನಮ್ಮ ಕಡೆ ಎಲ್ಲರೂ ಹಾಗೇ ಹೇಳುವುದು.

ಗಾಳಿಬೀಡಿನಿಂದ
ನಿಮ್ಮ ಕಡೆ ಹೇಳಬಹುದು. ನಮ್ಮ ಕಡೆ ಗೊರಬೇ.

ಬೈಂಬಳೆ ಪ್ರಿಯ
ಇದಕ್ಕೆ ಜಗಳ ಬೇಡ. ಕೊಡಗಿನಲ್ಲಿ ಹೊಳೆ ದಾಟಿದರೆ ಮಾತು ಬದಲು. ಬಿದಿರಿನ ಮೊಳಕೆ ಒಂದೇ ವಸ್ತು. ಕೊಡವ ತಕ್ಕ್‌ನಲ್ಲಿ ಬೈಂಬಳೆ, ಅರೆಭಾಷೆಯವರಿಗೆ ಕಣಿಲೆ, ಶನಿವಾರಸಂತೆ ಕಡೆಯವರಿಗೆ ಕಳಲೆ. ಮೂರೂ ಮನೆಯಲ್ಲಿ ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸಿ ನೆನೆಸಿ, ಕಹಿ ಬಿಟ್ಟ ಮೇಲೆಯೇ ಸಾರು ಮಾಡುವುದು. ಅಕ್ಕಿ ರೊಟ್ಟಿ ಜೊತೆ. ಆ ರುಚಿಗೆ ಹೆಸರು ಯಾವುದಾದರೇನು.

ಮಳೆಗಾಲ ಅಂದರೆ ನನಗೆ ತಿನ್ನುವುದೇ ನೆನಪು. ಮೊದಲ ಮಳೆಗೆ ಗದ್ದೆ ಬದಿಯಲ್ಲಿ ಏಡಿ. ಗುಡುಗು ಬಂದ ಮೇಲೆ ತೋಟದಲ್ಲಿ ಅಣಬೆ. ಎಲ್ಲಿ ಏಳುತ್ತದೆ ಅಂತ ಅಜ್ಜಿಗೆ ಮಾತ್ರ ಗೊತ್ತಿತ್ತು. ಪಕ್ಕದ ಮನೆಯವರಿಗೂ ಹೇಳುತ್ತಿರಲಿಲ್ಲ. ಗದ್ದೆಗೆ ಹತ್ತಿ ಬರುವ ಮೀನಿಗೆ ಬಿದಿರಿನ ಕೂಳಿ. ಒಲೆ ಬೂದಿಯಲ್ಲಿ ಸುಟ್ಟ ಹಲಸಿನ ಬೀಜ ಜೇಬಿನಲ್ಲಿ ಇಟ್ಟುಕೊಂಡರೆ ಶಾಲೆ ತಲುಪುವ ತನಕ ಕೈ ಬೆಚ್ಚಗೆ.

ಮತ್ತೆ ಅಡುಗೆಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ. ಹಣ್ಣು ಹೆಕ್ಕಿ ತಂದು ಬುಟ್ಟಿಯಲ್ಲಿ ತುಂಬಿ, ಕೆಳಗೆ ಪಾತ್ರೆ ಇಟ್ಟರೆ ದಿನಗಟ್ಟಲೆ ರಸ ತೊಟ್ಟಿಕ್ಕುತ್ತಿತ್ತು. ಅದನ್ನು ಮಣ್ಣಿನ ಮಡಕೆಯಲ್ಲಿ ಕುದಿಸಿ ಕುದಿಸಿ ಕಪ್ಪಗೆ, ದಪ್ಪಗೆ ಮಾಡುವುದು. ಮನೆಯಿಡೀ ಹುಳಿ ವಾಸನೆ. ಒಂದು ಬಾಟಲಿ ಆಗುವುದಕ್ಕೆ ಎಷ್ಟು ಬುಟ್ಟಿ ಹಣ್ಣು ಬೇಕು ಅಂತ ಮಾಡಿದವರಿಗೇ ಗೊತ್ತು.

ಕಾಫಿ ಕಣ
ಮೂಲ ಪ್ರಶ್ನೆಗೆ ಬರೋಣ. ನಮ್ಮ ಮನೆಯಲ್ಲೂ 40 ವರ್ಷದ ಲೆಕ್ಕ ಇದೆ. ಹೊಸಬರಿಗೆ ಹೇಳುವುದಾದರೆ, ನೂರು ಸೆಂಟು ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮಿಲಿಮೀಟರ್‌ನಲ್ಲಿ ಹೇಳಿದರೆ ನಮ್ಮವರಿಗೆ ಮಳೆ ಬಂದ ಹಾಗೇ ಅನ್ನಿಸುವುದಿಲ್ಲ. ಮಡಿಕೇರಿಗೆ ವರ್ಷಕ್ಕೆ ಸರಾಸರಿ 120 ಇಂಚಿಗೂ ಮೇಲೆ. ಭಾಗಮಂಡಲಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ. ಕುಶಾಲನಗರಕ್ಕೆ ಇಳಿದರೆ ಮಡಿಕೇರಿಯ ಅರ್ಧವೂ ಇಲ್ಲ. ಹಾಗಾಗಿ "ಕೊಡಗಿನ ಮಳೆ" ಅಂತ ಒಂದೇ ಮಾತಿನಲ್ಲಿ ಹೇಳುವುದು ತಪ್ಪು.

ನಮ್ಮ ಪುಸ್ತಕದ ಪ್ರಕಾರ ವರ್ಷದ ಮೊತ್ತದಲ್ಲಿ ಭಾರೀ ಬದಲಾವಣೆ ಇಲ್ಲ. ಬದಲಾಗಿರುವುದು ಮಳೆ ಬರುವ ರೀತಿ. ಆಗ ದಿನಕ್ಕೆ ಒಂದೂವರೆ, ಎರಡು ಇಂಚು, ಬಿಡದೆ ವಾರಗಟ್ಟಲೆ. ಈಗ ಹತ್ತು ದಿನ ಒಣಗಿಸಿ, ಆಮೇಲೆ ಎರಡೇ ದಿನದಲ್ಲಿ ಎಲ್ಲವನ್ನೂ ಸುರಿಯುತ್ತದೆ. ಹಿರಿಯರು ಲೆಕ್ಕ ಹಾಕುತ್ತಿದ್ದ ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಒಂದೂ ಸರಿ ಹೊಂದುತ್ತಿಲ್ಲ. ಕಾಫಿ ಹೂ ಅರಳಿಸುವ ಮಾರ್ಚ್ ಏಪ್ರಿಲ್‌ನ ಹೂಮಳೆಯೂ ಅಷ್ಟೇ. ಹೂ ಬಿಟ್ಟ ಮೇಲೆ ಇನ್ನೊಂದು ಮಳೆ ಸಿಗದಿದ್ದರೆ ಕಾಯಿ ನಿಲ್ಲುವುದಿಲ್ಲ.

ಶನಿವಾರಸಂತೆ ಹುಡುಗ
ಒಪ್ಪುವುದಿಲ್ಲ ಸರ್. ನಿಮ್ಮ ಒಂದು ತೋಟದ ಲೆಕ್ಕ ಇಟ್ಟುಕೊಂಡು ಇಡೀ ಜಿಲ್ಲೆಗೆ ಹೇಳಲಾಗದು. ನಮ್ಮ ಕಡೆ ಮಳೆ ಕಡಿಮೆ ಆಗಿದ್ದು ಕಣ್ಣಿಗೇ ಕಾಣುತ್ತದೆ. ಚಿಕ್ಕಂದಿನಲ್ಲಿ ಈಜುತ್ತಿದ್ದ ಕೆರೆ ಈಗ ಫೆಬ್ರವರಿಗೇ ತಳ ಕಾಣುತ್ತದೆ.

ಕಾಫಿ ಕಣ
ಕೆರೆ ಬತ್ತಲು ಮಳೆ ಒಂದೇ ಕಾರಣ ಅಲ್ಲ ತಮ್ಮ. ಈಗ ಎಷ್ಟು ಬೋರ್‌ವೆಲ್ ಇದೆ, ಬೇಸಿಗೆಯಲ್ಲಿ ಕಾಫಿಗೆ ಎಷ್ಟು ಸ್ಪ್ರಿಂಕ್ಲರ್ ಓಡುತ್ತದೆ ನೋಡು. ಗದ್ದೆ ಪಾಳು ಬಿಟ್ಟಿದ್ದೇವೆ. ಗದ್ದೆಯಲ್ಲಿ ನಾಲ್ಕು ತಿಂಗಳು ನೀರು ನಿಂತರೆ ತಾನೇ ಕೆಳಗೆ ಇಂಗುವುದು?

ಶನಿವಾರಸಂತೆ ಹುಡುಗ
ಗದ್ದೆ ವಿಷಯ ಸರಿ. ಅದು ನನಗೆ ಹೊಳೆದಿರಲಿಲ್ಲ. ನಮ್ಮದೂ ಎರಡು ಎಕರೆ ಪಾಳು ಬಿದ್ದಿದೆ.

ಚೇರಂಬಾಣೆಯವ
ಗದ್ದೆ ಅಂದಾಗ ನೆನಪಾಯಿತು. ನಾಟಿ ಮುಗಿಯುವ ದಿನ ದೊಡ್ಡ ಗದ್ದೆಯಲ್ಲಿ ಓಟ ಇರುತ್ತಿತ್ತು. ಮೊಣಕಾಲು ತನಕ ಕೆಸರು. ದೊಡ್ಡವರು, ಚಿಕ್ಕವರು, ಕೆಲಸದವರು ಎಲ್ಲ ಒಟ್ಟಿಗೆ. ಗೆದ್ದವರಿಗೆ ಬಾಳೆಗೊನೆ, ತೆಂಗಿನಕಾಯಿ. ಒಂದು ವರ್ಷ ನನ್ನ ಅತ್ತೆ ಗೆದ್ದರು. ಅಜ್ಜ ಅದನ್ನೂ ಪುಸ್ತಕದಲ್ಲಿ ಬರೆದಿದ್ದಾರೆ!

ಕುಟ್ಟದ ದಾರಿ
ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳದ ಬಗ್ಗೆ ಯಾರೂ ಬರೆಯಲೇ ಇಲ್ಲವಲ್ಲ. ನಮ್ಮ ಶಾಲೆಯ ಬಾಗಿಲಲ್ಲಿ ಉಪ್ಪಿನ ಡಬ್ಬಿ ಇಟ್ಟಿದ್ದರು. ಒಳಗೆ ಹೋಗುವ ಮೊದಲು ಒಬ್ಬರ ಕಾಲನ್ನು ಇನ್ನೊಬ್ಬರು ನೋಡಬೇಕು. ಕೆಲವರು ಸುಣ್ಣ ಹೊಗೆಸೊಪ್ಪು ಕಲಸಿ ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬರುತ್ತಿದ್ದರು.

ಗಾಳಿಬೀಡಿನಿಂದ
ಇದರಲ್ಲಿ ನೀವು ಹೇಳಿದ್ದೇ ಸರಿ, ಉಂಬಳವೇ. ನನ್ನ ಹಿಮ್ಮಡಿ ಮೇಲೆ ಗುರುತು ಇನ್ನೂ ಇದೆ.

ಸಿದ್ದಾಪುರ ಲೈನ್‌ಮನೆ ಮಗ
ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಒಂದು ಮಾತು ಹೇಳಬೇಕು.

ನಾನು ಬೆಳೆದದ್ದು ಒಂದು ದೊಡ್ಡ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ. ಒಂದು ಕೋಣೆ, ಮುಂದೆ ಒಂದು ಜಗುಲಿ, ಐದು ಜನ. ಮಳೆ ನಮಗೆ ಬೇರೆಯೇ. ಶೀಟಿನ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮೂರು ಕಡೆ ಸೋರುತ್ತಿತ್ತು. ಯಾವ ಪಾತ್ರೆ ಯಾವ ಹನಿಯ ಕೆಳಗೆ ಅಂತ ನನಗೂ ತಂಗಿಗೂ ಕತ್ತಲೆಯಲ್ಲೂ ಗೊತ್ತಿತ್ತು. ಅಮ್ಮ ಮಳೆಯಲ್ಲೇ ಕಳೆ ತೆಗೆಯಲು ಹೋಗುತ್ತಿದ್ದರು. ಸಂಜೆ ಬಂದಾಗ ಬೆರಳೆಲ್ಲ ಬಿಳಿಚಿಕೊಂಡು ಸುಕ್ಕಾಗಿರುತ್ತಿತ್ತು. ಜ್ವರ ಅಂತ ಕೂತರೆ ಆ ದಿನದ ಕೂಲಿ ಇಲ್ಲ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಪುಸ್ತಕದಲ್ಲೂ ದಿನಕ್ಕೊಂದು ಸಾಲು ಇರುತ್ತಿತ್ತು. ಅದರಲ್ಲಿ ಅಮ್ಮನ ಹೆಸರಿನ ಮುಂದೆ ಗೈರುಹಾಜರಿ.

ಸಿಹಿ ನೆನಪೂ ಇದೆ. ಸುಗ್ಗಿಯಲ್ಲಿ ಕಣದ ಕಾವಲಿಗೆ ಅಪ್ಪ ಹೋದಾಗ ನಾನೂ ಹೋಗುತ್ತಿದ್ದೆ. ಹಗಲು ಬಿಸಿಲಿಗೆ ಕಾದ ನೆಲ, ರಾಶಿ ಹಾಕಿ ಮುಚ್ಚಿದ ಕಾಫಿ, ಮೇಲೆ ನಕ್ಷತ್ರ. ಆ ಬೆಚ್ಚಗಿನ ನೆಲದ ಮೇಲೆ ಬಂದಂಥ ನಿದ್ದೆ ಮತ್ತೆ ಎಲ್ಲೂ ಬಂದಿಲ್ಲ. ಆದರೆ ಮಳೆಗಾಲವನ್ನು ಮಾತ್ರ ನಾನು ಯಾವತ್ತೂ "ಆಹಾ" ಅಂತ ನೆನೆಯಲಾರೆ.

ಸುಂಟಿಕೊಪ್ಪದ ಅಕ್ಕ
ನೀವು ಬರೆದದ್ದು ಓದಿ ಸುಮ್ಮನೆ ಕೂತುಬಿಟ್ಟೆ. ನನ್ನ ಕ್ಲಾಸಿನಲ್ಲೂ ಲೈನಿನಿಂದ ಬರುವ ಹುಡುಗಿ ಒಬ್ಬಳಿದ್ದಳು. ಜುಲೈ ಪೂರ್ತಿ ಬರುತ್ತಿರಲಿಲ್ಲ. ಯಾಕೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಅದು ಈಗ ಚುಚ್ಚುತ್ತಿದೆ.

ಕಾಫಿ ಕಣ
ಅವರು ಹೇಳಿದ್ದು ನಿಜ. ಬೆಳೆಗಾರರಿಗೂ ಆಗ ಕೈಯಲ್ಲಿ ದುಡ್ಡು ಓಡಾಡುತ್ತಿರಲಿಲ್ಲ. ಆದರೆ ಸೋರುವ ಸೂರಿಗೆ ಅದನ್ನು ಹೋಲಿಸುವುದು ಸರಿಯಲ್ಲ, ನಾನು ಹೋಲಿಸುವುದೂ ಇಲ್ಲ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಆಗ ಕಾಫಿಯನ್ನು ನಮಗೆ ಬೇಕಾದವರಿಗೆ ಮಾರುವ ಹಾಗೇ ಇರಲಿಲ್ಲ. ಎಲ್ಲವನ್ನೂ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕು, ಎಲ್ಲರದ್ದನ್ನೂ ಸೇರಿಸಿ ಮಂಡಳಿಯೇ ಮಾರುತ್ತಿತ್ತು. ಮನೆ ಬಳಕೆಗೆ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು. ಸಾಗಿಸಲು ಪರ್ಮಿಟ್ ಬೇಕು. ಹಣ ಕಾಫಿಯ ಗುಣಮಟ್ಟಕ್ಕೆ ಕೊಡುವ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರುತ್ತಿತ್ತು. ಹೋದ ವರ್ಷದ ಕಾಫಿಯ ಕಂತು ಈ ವರ್ಷದ ಶಾಲೆ ಫೀಸಿಗೆ. 1992ರಿಂದ ಸ್ವಲ್ಪ ಸ್ವಲ್ಪ ಬಿಡುಗಡೆ ಆಯಿತು, 1996ಕ್ಕೆ ಪೂರ್ತಿ ಮುಕ್ತ. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಹಾಳಾಗಿ, ಇಲ್ಲಿ ಬೆಲೆ ಏರಿತು. ನಮ್ಮ ಊರಿಗೆ ಹೊಸ ಜೀಪುಗಳು ಬಂದದ್ದು ಆಮೇಲೆಯೇ.

ಶನಿವಾರಸಂತೆ ಹುಡುಗ
ಜೀಪಿಗಿಂತ ಕಿತ್ತಳೆ ಮುಖ್ಯ! ಅಪ್ಪ ಹೇಳುತ್ತಾರೆ, ಕಾಫಿ ನಡುವೆ ಎಲ್ಲರ ತೋಟದಲ್ಲೂ ಕಿತ್ತಳೆ ಇತ್ತಂತೆ. ಸಿಪ್ಪೆ ಸಡಿಲ, ಸುಲಿದರೆ ಕೋಣೆಯೆಲ್ಲ ಘಮ. ಈಗ ಕೊಡಗಿನ ಕಿತ್ತಳೆ ಅಂತ ರಸ್ತೆ ಬದಿ ಮಾರುವುದು ಎಲ್ಲಿಂದ ಬರುತ್ತದೋ.

ಬೈಂಬಳೆ ಪ್ರಿಯ
ರೋಗ ಬಂದು ಗಿಡ ಹೋಯಿತು. ಎಲೆ ಹಳದಿಗೆ ತಿರುಗಿ ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತಿತ್ತು. ಗ್ರೀನಿಂಗ್ ರೋಗ ಅಂತಾರೆ. ಜೊತೆಗೆ ಬೇರೆ ಕಾಯಿಲೆಗಳೂ ಇದ್ದವು. ನಮ್ಮಲ್ಲಿ ಉಳಿದಿರುವುದು ಒಂದೇ ಮರ. ಅಜ್ಜಿ ನೆಟ್ಟಿದ್ದು. ಅದರ ಹಣ್ಣನ್ನು ಮಾರುವುದಿಲ್ಲ.

ನಾಪೋಕ್ಲು 84
ಮಡಿಕೇರಿ ಆಕಾಶವಾಣಿ ಯಾರಿಗೂ ನೆನಪಿಲ್ವಾ? ಮಳೆಗಾಲದಲ್ಲಿ ರಜೆ ಸಿಗುತ್ತದಾ ಅಂತ ಬೆಳಗ್ಗೆ ರೇಡಿಯೋ ಮುಂದೆ ಕೂರುತ್ತಿದ್ದೆವು.

ಕುಟ್ಟದ ದಾರಿ
ಅದು 80ರ ದಶಕ ಅಲ್ಲ. ಮಡಿಕೇರಿ ಕೇಂದ್ರ ಶುರುವಾದದ್ದು 1993ರ ಕೊನೆಗೆ. ಅದಕ್ಕೂ ಮೊದಲು ನಾವು ಮೈಸೂರು, ಮಂಗಳೂರು ಹಿಡಿಯುತ್ತಿದ್ದೆವು. ನಮ್ಮ ಕುಟ್ಟದ ಕಡೆ ಕೋಯಿಕ್ಕೋಡೇ ಚೆನ್ನಾಗಿ ಸಿಗುತ್ತಿದ್ದದ್ದು. ಮಲಯಾಳ ಹಾಡು ಕೇಳಿ ಕೇಳಿಯೇ ನಾನು ಭಾಷೆ ಕಲಿತೆ.

ನಾಪೋಕ್ಲು 84
ಹೌದು ಅಣ್ಣ, ನಾನಾಗ ಮೂರನೇ ಕ್ಲಾಸೋ ನಾಲ್ಕನೆಯದೋ. ಎರಡೂ ದಶಕ ಬೆರೆಸಿಬಿಟ್ಟೆ. ಹಾಗಾದರೆ ಕುಟುಂಬಗಳ ನಡುವಿನ ಹಾಕಿ ಹಬ್ಬವೂ ಆಮೇಲಿನದೇ ಅಲ್ವಾ?

ಕುಟ್ಟದ ದಾರಿ
ಅದು 1997. ಕರಡದಲ್ಲಿ, ಪಾಂಡಂಡ ಕುಟುಂಬದವರು ಮೊದಲು ನಡೆಸಿದ್ದು. ನಾನು ನೋಡಲು ಹೋಗಿದ್ದೆ. ಅದಕ್ಕೆ ಮೊದಲು ನಾವು ಆಡುತ್ತಿದ್ದದ್ದು ಬಾಗಿದ ಕಾಫಿ ಕೊಂಬೆ ಕಡಿದು ಮಾಡಿದ ಕೋಲಿನಲ್ಲಿ. ಚೆಂಡು ಹಳೇ ಬಟ್ಟೆಯದ್ದು. ಮಳೆಗೆ ನೆನೆದರೆ ಕಲ್ಲಿನಷ್ಟು ಭಾರ.

ಫೌಜಿ ಮಗಳು, ವಿರಾಜಪೇಟೆ
ನನ್ನ ಮಳೆಗಾಲ ಅಂದರೆ ಪೋಸ್ಟ್‌ಮ್ಯಾನ್.

ಅಪ್ಪ ಸೈನ್ಯದಲ್ಲಿದ್ದರು. 1987ರಲ್ಲಿ ಅವರ ತುಕಡಿ ಶ್ರೀಲಂಕಾಕ್ಕೆ ಹೋಯಿತು. ನನಗೆ ಎಂಟು ವರ್ಷ. ನಮ್ಮ ಓಣಿಯಲ್ಲಿ ಆ ವರ್ಷ ಮೂರು ಮನೆಯ ಗಂಡಸರು ಅಲ್ಲಿದ್ದರು. ಮಳೆಗೆ ಮರ ಬಿದ್ದು ಬಸ್ಸು ನಿಂತರೆ ಟಪಾಲು ಇಲ್ಲ. ಮೂರು ನಾಲ್ಕು ದಿನ ಆದ ಮೇಲೆ ಎಲ್ಲ ಒಟ್ಟಿಗೆ ಬರುತ್ತಿತ್ತು. ಅವ್ವ ಕೊಡೆ ಹಿಡಿದು ಗೇಟಿನ ಹತ್ತಿರವೇ ನಿಂತಿರುತ್ತಿದ್ದರು. ಪೋಸ್ಟ್‌ಮ್ಯಾನ್ ಮಾಮ ದೂರದಿಂದಲೇ ಪತ್ರ ಎತ್ತಿ ತೋರಿಸಿದರೆ ಅವ್ವನ ಭುಜ ಇಳಿಯುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಪತ್ರ ಒದ್ದೆ ಆಗಿದ್ದರೆ ಒಲೆ ಹತ್ತಿರ ಹಿಡಿದು ಒಣಗಿಸಿ, ಆಮೇಲೆ ಬಿಡಿಸುವುದು. ಅಪ್ಪ ಕೊನೆಯ ಸಾಲಿನಲ್ಲಿ ತಪ್ಪದೆ ಕೇಳುತ್ತಿದ್ದರು, "ಮಳೆ ಹೇಗಿದೆ?"

1990ರಲ್ಲಿ ಸೈನ್ಯ ವಾಪಸ್ ಬಂತು. ಅಪ್ಪ ರಜೆಗೆ ಬಂದಾಗ ಕಪ್ಪು ಟ್ರಂಕ್ ಇಳಿಸಿ, ಮನೆ ಒಳಗೆ ಬರುವ ಮೊದಲು ಅಂಗಳದಲ್ಲಿ ನಿಂತು ಮುಖ ಮೇಲೆತ್ತಿದರು. ಸಣ್ಣ ಮಳೆ ಬರುತ್ತಿತ್ತು.

ಆ ಮೂರು ಮನೆಯಲ್ಲಿ ಒಂದು ಮನೆಯವರು ಬರಲಿಲ್ಲ.

ಚೇರಂಬಾಣೆಯವ
ಅಕ್ಕ, ಏನು ಹೇಳಬೇಕು ಗೊತ್ತಾಗುತ್ತಿಲ್ಲ. ನೀವು ಇಲ್ಲಿ ಬರೆದದ್ದಕ್ಕೆ ಥ್ಯಾಂಕ್ಸ್.

ಗಾಳಿಬೀಡಿನಿಂದ
ನಮ್ಮ ಮನೆಯಲ್ಲೂ ಇಬ್ಬರು ಸೈನ್ಯದಲ್ಲಿದ್ದರು. ಆ ಗೇಟು ನನಗೂ ಗೊತ್ತು.

ಬೈಂಬಳೆ ಪ್ರಿಯ
ಸ್ವಲ್ಪ ಬೇರೆ ವಿಷಯ. ಮದ್ದು ಸೊಪ್ಪಿನ ಪಾಯಸ ಈಗಲೂ ಮಾಡುತ್ತೀರಾ ಎಲ್ಲರೂ? ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಸೊಪ್ಪು ಕುದಿಸಿದ ನೀರು ನೇರಳೆ ಬಣ್ಣ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ. ಮಾರನೇ ದಿನ ಮೂತ್ರ ಕೆಂಪಾದರೆ ಮದ್ದು ಹಿಡಿಯಿತು ಅಂತ ಲೆಕ್ಕ. ಮಕ್ಕಳೆಲ್ಲ ಬೆಳಗ್ಗೆ ಓಡಿ ಬಂದು ವರದಿ ಕೊಡುತ್ತಿದ್ದೆವು.

ಸುಂಟಿಕೊಪ್ಪದ ಅಕ್ಕ
ನಮ್ಮಲ್ಲಿ ಆಟಿ ಪಾಯಸ ಅಂತೇವೆ. ನನ್ನ ತಮ್ಮ ಬೆಂಗಳೂರಿಗೆ ಸೊಪ್ಪನ್ನು ಬಸ್ಸಿನಲ್ಲಿ ಹಾಕಿ ಕಳಿಸುತ್ತಾನೆ. ಒಂದು ವರ್ಷವೂ ತಪ್ಪಿಸಿಲ್ಲ.

ಮಕ್ಕಂದೂರಿನ ಮಗಳು
ತುಂಬಾ ಹೊತ್ತಿನಿಂದ ಓದುತ್ತಿದ್ದೇನೆ. ಬರೆಯಲಾ ಬೇಡವಾ ಅಂತ ಯೋಚಿಸಿದೆ.

ನಮ್ಮ ತಂದೆಯೂ ಮಳೆ ಬರೆದಿಡುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಬಂದಾಗ ಮನೆಯ ಜೊತೆ ಅದೂ ಹೋಯಿತು. ನಾವು ಹಿಂದಿನ ಸಂಜೆಯೇ ಹೊರಟಿದ್ದೆವು, ಹಾಗಾಗಿ ಬದುಕಿದ್ದೇವೆ. ಆ ದಿನ ಬೆಳಗ್ಗೆಯೂ ತಂದೆ ಅಳೆದಿದ್ದರು. ಗಾಜು ತುಂಬಿ, ಮತ್ತೆ ತುಂಬಿ, "ಇದು ಸರಿ ಇಲ್ಲ" ಅಂದರು. ಆ ಒಂದು ಮಾತಿಗೇ ಅವ್ವ ಬಟ್ಟೆ ಗಂಟು ಕಟ್ಟಿದ್ದು.

ಚಿಕ್ಕಂದಿನಲ್ಲಿ ಮಳೆ ಸದ್ದು ಕೇಳಿದರೆ ನಿದ್ದೆ ಬರುತ್ತಿತ್ತು. ಈಗ ಆ ಸದ್ದಿಗೆ ಎಚ್ಚರ ಆಗುತ್ತದೆ. ಆದರೂ ನಿಮ್ಮ ಅಜ್ಜನ ಪುಸ್ತಕದ ಬಗ್ಗೆ ಓದಿ ಸಂತೋಷ ಆಯಿತು. ಮಕ್ಕಂದೂರಿಗೂ ಚೇರಂಬಾಣೆಗೂ ಮಳೆ ಬೇರೆ, ಗೊತ್ತು. ಆದರೂ 1985, 86ರ ಜುಲೈ ಪುಟಗಳ ಫೋಟೋ ಸಾಧ್ಯವಾದರೆ ಕಳಿಸುತ್ತೀರಾ? ತಂದೆಗೆ ತೋರಿಸಬೇಕು.

ಕಾಫಿ ಕಣ
ಅಮ್ಮಾ, ನಮ್ಮ ತೋಟ ನಿಮ್ಮ ಊರಿಗೆ ಇನ್ನೂ ಹತ್ತಿರ. ನಮ್ಮ ಪುಸ್ತಕದಲ್ಲೂ ಆ ವರ್ಷಗಳು ಇವೆ. ನಾನೂ ಕಳಿಸುತ್ತೇನೆ. ತಂದೆಯವರಿಗೆ ಕನ್ನಡಕ ಹಾಕಿಕೊಂಡರೂ ಓದಲು ಕಷ್ಟ ಆದರೆ ಹೇಳಿ, ಬರೆದು ಕಳಿಸುತ್ತೇನೆ.

ಚೇರಂಬಾಣೆಯವ
ಇವತ್ತು ರಾತ್ರಿಯೇ ಕಳಿಸುತ್ತೇನೆ. ಪುಸ್ತಕವೆಲ್ಲ ನನ್ನ ಹತ್ತಿರವೇ ಇದೆ.

ನಾಪೋಕ್ಲು 84
ಅಣ್ಣ, ನನಗೂ ಒಂದು ದಿನ ನೋಡಿ ಹೇಳುತ್ತೀರಾ? 1984, ಜುಲೈ 20. ನಾನು ಹುಟ್ಟಿದ ದಿನ. ಭಾಗಮಂಡಲ ರಸ್ತೆ ಮುಳುಗಿತ್ತು, ಜೀಪು ಬರಲಿಲ್ಲ, ಅಪ್ಪ ಮತ್ತೆ ಇಬ್ಬರು ಸೇರಿ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು ಅಂತ ಪ್ರತಿ ವರ್ಷ ಹೇಳುತ್ತಾರೆ. ನಾವು ಮಕ್ಕಳು ನಂಬುವುದೇ ಇಲ್ಲ. ಅಪ್ಪ ಸ್ವಲ್ಪ ಸೇರಿಸಿ ಹೇಳುವವರು.

ಚೇರಂಬಾಣೆಯವ
ನೋಡಿದೆ. ಹಾಗೇ ಬರೆಯುತ್ತಿದ್ದೇನೆ.

"ಜುಲೈ 20. 4 ಇಂಚು 15 ಸೆಂಟು. ಹೊಳೆ ಗದ್ದೆಗೆ ಬಂತು. ಬಸ್ಸಿಲ್ಲ, ಪೇಪರ್ ಇಲ್ಲ. ಸಂಜೆಯೂ ಬಿಡಲಿಲ್ಲ."

ನಾಪೋಕ್ಲು 84
ಅಪ್ಪನಿಗೆ ಈಗಲೇ ಫೋನ್ ಮಾಡುತ್ತೇನೆ.

ಸಿದ್ದಾಪುರ ಲೈನ್‌ಮನೆ ಮಗ
1988, ಜೂನ್ 30 ಇದೆಯಾ ಸರ್? ತಂಗಿಯನ್ನು ಮೊದಲ ಸಲ ಶಾಲೆಗೆ ಹೊತ್ತುಕೊಂಡು ಹೋದ ದಿನ.

ಚೇರಂಬಾಣೆಯವ
ಇದೆ. 2 ಇಂಚು 60 ಸೆಂಟು. ಪಕ್ಕದಲ್ಲಿ ಏನೂ ಬರೆದಿಲ್ಲ, ಜಾಗ ಖಾಲಿ ಇದೆ. ನೀವು ಒಪ್ಪಿದರೆ ತಂಗಿಯ ವಿಷಯವನ್ನು ಪೆನ್ಸಿಲ್‌ನಲ್ಲಿ ನಾನು ಬರೆದಿಡುತ್ತೇನೆ.

ಸಿದ್ದಾಪುರ ಲೈನ್‌ಮನೆ ಮಗ
ಬರೆಯಿರಿ ಸರ್. ದಾರಿಯಿಡೀ ನನ್ನ ಪುಸ್ತಕದ ಚೀಲವನ್ನು ಅವಳು ಹೊಟ್ಟೆಗೆ ಅವುಚಿಕೊಂಡಿದ್ದಳು. ಅದು ಮಾತ್ರ ಒದ್ದೆ ಆಗಿರಲಿಲ್ಲ.